ಬಡ ಮೆರುಗೆಣ್ಣೆಯ ಕಪಾಟು

ಚೀನಾ, ಜಪಾನುಗಳಿಂದ ಬಂದ ಮೆರುಗೆಣ್ಣೆಯ ಪೆಟ್ಟಿಗೆಗಳಿಗೆ ಯುರೋಪಿನ ಸಿರಿವಂತರು ಮರುಳಾಗಿದ್ದರು. ಆದರೆ ಆ ಹೊಳಪು ಪೂರ್ವ ಏಷ್ಯಾದ ಮರವೊಂದರ ರಸದ್ದು. ಯುರೋಪಿನಲ್ಲಿ ಆ ಮರವಿರಲಿಲ್ಲ. 18ನೆಯ ಶತಮಾನದಲ್ಲಿ ವೆನಿಸ್ಸಿನ ಕುಶಲಕರ್ಮಿಗಳು ಅಗ್ಗದ ಉಪಾಯವೊಂದನ್ನು ಹೂಡಿದರು. ಕಪಾಟಿನ ಮೇಲೆ ಚಿತ್ರ ಬರೆಯುವ ಬದಲು ಅಚ್ಚಾದ ಚಿತ್ರಗಳನ್ನೇ ಕತ್ತರಿಸಿ, ಬಣ್ಣ ತುಂಬಿ, ಅಂಟಿಸಿಬಿಟ್ಟರು. ಬಸ್ಸಾನೊ ಊರಿನ ರೆಮೊಂದಿನಿ ಮುದ್ರಣಾಲಯ ಇದಕ್ಕೆಂದೇ ಹಾಳೆಗಳನ್ನು ಅಚ್ಚು ಹಾಕುತ್ತಿತ್ತು. ಈ ಕಲೆಗೆ ಬಂದ ಹೆಸರು ‘ಲಾಕ್ಕಾ ಪೊವೆರಾ’, ಎಂದರೆ ಬಡ ಮೆರುಗೆಣ್ಣೆ.

ಅಗ್ಗವೆಂದ ಮಾತ್ರಕ್ಕೆ ಸುಲಭವಲ್ಲ. ಚಿತ್ರ ಅಂಟಿಸುವುದು ಗಳಿಗೆಯ ಕೆಲಸ. ಶ್ರಮವೆಲ್ಲ ಅದರ ಹಿಂದೆ ಮುಂದೆ. ಬರಿಯ ಮರ ಅಂಟನ್ನು ಹೀರಿಕೊಳ್ಳುತ್ತದೆ, ಅದರ ನಾರು ಕಾಗದದಡಿ ಉಬ್ಬಿ ಕಾಣುತ್ತದೆ. ಅದಕ್ಕೇ ಮೊದಲು ಜಿಪ್ಸಂ ಪುಡಿಯನ್ನು ಚರ್ಮ ಕುದಿಸಿ ತೆಗೆದ ಅಂಟಿನಲ್ಲಿ ಕಲಸಿ ಬಳಿದು, ಒಣಗಿಸಿ, ನುಣ್ಣಗೆ ಉಜ್ಜಬೇಕು. ಅದರ ಮೇಲೆ ಬಣ್ಣ, ಆಮೇಲೆ ಚಿತ್ರ. ಕೊನೆಗೆ ಸಾಂಡರಾಕ್ ರಾಳದ ಮೆರುಗೆಣ್ಣೆ, ಲೇಪದ ಮೇಲೆ ಲೇಪ, ಕಾಗದದ ಅಂಚು ಬೆರಳಿಗೆ ತಾಕದಷ್ಟು.

ಈ ಉಜ್ಜುವ ಹಂತವನ್ನು ನಾನೊಮ್ಮೆ ಬಿಟ್ಟದ್ದುಂಟು. ಹಳೆಯ ಎಣ್ಣೆಬಣ್ಣದ ಕಪಾಟಿಗೆ ನೇರವಾಗಿ ಹೊಸ ಬಣ್ಣ ಬಳಿದು ಮಕ್ಕಳಿಗಾಗಿ ಹೂವಿನ ಚಿತ್ರಗಳನ್ನು ಅಂಟಿಸಿದ್ದೆ. ತಿಂಗಳೊಳಗೆ ಕಿತ್ತು ಬಂದವು. ಅಂಟನ್ನು ಬೈದು ತಿರುಗಿಸಿ ನೋಡಿದರೆ ಬೆನ್ನಿಗೆ ಬಣ್ಣದ ಹಕ್ಕಳೆ! ಚಿತ್ರ ಬಣ್ಣವನ್ನು ಬಿಟ್ಟಿರಲಿಲ್ಲ, ಬಣ್ಣವೇ ಕಪಾಟನ್ನು ಬಿಟ್ಟಿತ್ತು. ಹೊಳೆಯುವ ಹಳೆಯ ಪದರಕ್ಕೆ ಹೊಸ ಬಣ್ಣ ಕಚ್ಚಿಕೊಳ್ಳದು. ಸ್ಯಾಂಡ್ ಪೇಪರ್ ಮೂಡಿಸುವ ಸಣ್ಣ ಗೀರುಗಳೇ ಅದಕ್ಕೆ ಹಿಡಿತ. ಮರದ ಎಳೆಯುದ್ದಕ್ಕೂ ಉಜ್ಜಿ, ಧೂಳನ್ನು ಒರೆಸಿಯೇ ಬಳಿಯಬೇಕು.

ವೆನಿಸ್ಸಿನ ಆ ‘ಬಡ’ ಕಪಾಟುಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ.