ಐರ್ಲೆಂಡಿನ ಹ್ಯಾಲೋವೀನ್ ರಾತ್ರಿಯ ಆಟಪಾಟಗಳು

ಬೇಸಗೆಯೆಲ್ಲ ಗುಡ್ಡದ ಹುಲ್ಲುಗಾವಲುಗಳಲ್ಲಿ ಮೇಯುತ್ತಿದ್ದ ದನಗಳು ಹಟ್ಟಿಗೆ ಮರಳಿ, ಆಲೂಗೆಡ್ಡೆಯ ಕಡೆಯ ಸಾಲನ್ನೂ ಅಗೆದು ತೆಗೆದು, ಸೇಬನ್ನೂ ಹೇಜಲ್ ಕಾಯಿಗಳನ್ನೂ ಮನೆಯೊಳಕ್ಕೆ ಸೇರಿಸಿಯಾದ ಮೇಲೆ, ಅಕ್ಟೋಬರ್ 31ರ ಸೂರ್ಯಾಸ್ತದೊಡನೆ ಐರ್ಲೆಂಡಿನ ಪ್ರಾಚೀನ ಪಂಚಾಂಗದಲ್ಲಿ ಶೀತಾರ್ಧವು ಪ್ರವೇಶಿಸುತ್ತಿತ್ತು. 'ಸೌನ್' ಎಂದು ಆ ನಾಡಿನವರು ಕರೆಯುವ ಈ ಸಂಧಿಕಾಲದಲ್ಲಿ, ದಿಬ್ಬಗಳೊಳಗೆ ವಾಸಿಸುವ ಯಕ್ಷಸದೃಶ ಜನ ಹೊರಬಂದು ಸಂಚರಿಸುವರೆಂದೂ, ಕಾಲವಾದ ಹಿರಿಯರು ತಮ್ಮ ಮನೆಯ ಒಲೆಯ ಬಳಿಗೆ ಬಂದು ಕುಳಿತುಹೋಗುವರೆಂದೂ ಜನ ದೃಢವಾಗಿ ನಂಬಿದ್ದರು. ಆದುದರಿಂದಲೇ ಅನೇಕ ಮನೆಗಳಲ್ಲಿ ಮಲಗುವ ಮುನ್ನ ಬಾಗಿಲಿನ ಅಗುಳಿ ಹಾಕದೆ, ಬೆಂಕಿ ಆರದಂತೆ ಕಾಪಿಟ್ಟು, ಒಲೆಯೆದುರು ಆಸನವನ್ನಿರಿಸುತ್ತಿದ್ದರು.

ಇಷ್ಟನ್ನು ಕೇಳಿದವರು ಇದನ್ನು ಕೇವಲ ಭೂತಪ್ರೇತಗಳ ರಾತ್ರಿಯೆಂದು ಎಣಿಸುವುದು ಸಹಜ. ನನಗಾದರೋ ಇದರ ಜೀವಾಳ ಅಡುಗೆಮನೆಯಲ್ಲಿದೆಯೆಂದು ತೋರುತ್ತದೆ. ಬರುವ ವರ್ಷ ತನಗೇನನ್ನು ತರುವುದೋ ಎಂದು ತಿಳಿಯಬಯಸಿದ ರೈತಕುಟುಂಬವು ಯಾವ ಜೋಯಿಸನ ಬಳಿಗೂ ಹೋಗದೆ, ಆಗತಾನೆ ಮನೆತುಂಬಿದ ಫಸಲನ್ನೇ ಪ್ರಶ್ನಿಸುತ್ತಿದ್ದಿತು.

ಮರುದಿನ ಸರ್ವಸಂತರ ಹಬ್ಬವಾದುದರಿಂದ ಕ್ಯಾಥೊಲಿಕ್ ಮನೆಗಳಲ್ಲಿ ಅಂದು ಮಾಂಸ ವರ್ಜ್ಯವಾಗಿತ್ತು. ಬೇಯಿಸಿ ಮಸೆದ ಆಲೂಗೆಡ್ಡೆಗೆ ಕೇಲ್ ಸೊಪ್ಪನ್ನೋ ಎಲೆಕೋಸನ್ನೋ ಬೆರೆಸಿ, ನಡುವೆ ಗುಳಿಮಾಡಿ ಬೆಣ್ಣೆ ತುಂಬಿದ 'ಕಾಲ್ಕ್ಯಾನನ್' ಆ ರಾತ್ರಿಯ ಮುಖ್ಯಾಹಾರ. ಅದರ ಜೊತೆಗೆ ಒಣದ್ರಾಕ್ಷಿ ಹಾಕಿ ಸುಟ್ಟ 'ಬಾರ್ಮ್‌ಬ್ರ್ಯಾಕ್' ಎಂಬ ರೊಟ್ಟಿ. ಅದರೊಳಗೆ ಅಡಗಿಸಿಟ್ಟ ಉಂಗುರ ಯಾರ ತುಂಡಿನಲ್ಲಿ ಸಿಕ್ಕಿತೋ ಅವರಿಗೆ ವರ್ಷದೊಳಗೆ ವಿವಾಹ, ನಾಣ್ಯ ಸಿಕ್ಕವರಿಗೆ ಐಶ್ವರ್ಯ, ಚಿಂದಿ ಬಟ್ಟೆ ಸಿಕ್ಕವರಿಗೆ ದಾರಿದ್ರ್ಯ. ಕಡ್ಡಿ ಬಂದರೆ ದಾಂಪತ್ಯದಲ್ಲಿ ಹೊಡೆದಾಟ ತಪ್ಪದು! ಒಲೆಯ ಅಂಚಿನಲ್ಲಿ ಎರಡು ಕಾಯಿಗಳನ್ನಿಟ್ಟು, ಒಂದಕ್ಕೆ ಯುವತಿಯ ಹೆಸರನ್ನೂ ಇನ್ನೊಂದಕ್ಕೆ ಅವಳ ಮನಸ್ಸಿನಲ್ಲಿದ್ದಾನೆಂದು ಊರವರು ಶಂಕಿಸಿದ ಯುವಕನ ಹೆಸರನ್ನೂ ಕೊಟ್ಟು, ಅವು ಸಮಾಧಾನದಿಂದ ಜೊತೆಯಲ್ಲಿ ಉರಿಯುವವೋ, ಸಿಡಿದು ದೂರ ಹಾರುವವೋ ಎಂದು ಮನೆಮಂದಿಯೆಲ್ಲ ಕಾದು ನೋಡುತ್ತಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕತ್ತಲಲ್ಲಿ ಕೋಸಿನ ಗಿಡವನ್ನು ಕೀಳುವುದೂ ಉಂಟು: ದಂಟು ನೆಟ್ಟಗಿದ್ದರೆ ಸಂಗಾತಿಯೂ ಸುರೂಪಿ, ಬೇರಿಗೆ ಮಣ್ಣು ಹೆಚ್ಚಾಗಿ ಅಂಟಿದ್ದರೆ ಸಿರಿವಂತಿಕೆ.

ಇವುಗಳ ನಡುನಡುವೆ ಶುದ್ಧ ವಿನೋದದ ಆಟಗಳು. ತೊಲೆಯಿಂದ ಇಳಿಬಿಟ್ಟ ಅಡ್ಡಕೋಲಿನ ಒಂದು ತುದಿಗೆ ಸೇಬು, ಇನ್ನೊಂದು ತುದಿಗೆ ಉರಿಯುವ ಮೇಣದಬತ್ತಿ. ಅದನ್ನು ಗಿರ್ರನೆ ತಿರುಗಿಸಿಬಿಟ್ಟಾಗ ಕೈಗಳನ್ನು ಹಿಂದೆ ಕಟ್ಟಿಕೊಂಡು ಸೇಬನ್ನು ಬಾಯಿಂದಲೇ ಹಿಡಿಯಬೇಕು. ಕೆನ್ನೆ ಸುಟ್ಟುಕೊಂಡವರನ್ನು ಕಂಡು ನಗುವುದೂ ಆಟದ ಭಾಗವೇ. 1832ರಲ್ಲಿ ಕಾರ್ಕ್ ಕೌಂಟಿಯ ಬ್ಲಾರ್ನಿಯಲ್ಲಿ ಪಾದ್ರಿಯೊಬ್ಬರು ಏರ್ಪಡಿಸಿದ್ದ ಇಂತಹ ಕೂಟವನ್ನು ಕಂಡ ಚಿತ್ರಕಾರ ಡೇನಿಯಲ್ ಮಕ್ಲೀಸ್, ಮರುವರ್ಷ ರಚಿಸಿದ 'ಸ್ನ್ಯಾಪ್-ಆ್ಯಪಲ್ ನೈಟ್' ಎಂಬ ಚಿತ್ರದಲ್ಲಿ ಆ ಗದ್ದಲವನ್ನೆಲ್ಲ ತುಂಬಿದ್ದಾನೆ.

ಎಲ್ಲ ಆಟವೂ ನಗುವಿನಲ್ಲಿ ಮುಗಿಯುತ್ತಿರಲಿಲ್ಲ. ತಟ್ಟೆಗಳಲ್ಲಿ ಉಂಗುರ, ನೀರು, ಮಣ್ಣು ಇವುಗಳನ್ನಿಟ್ಟು, ಕಣ್ಣು ಕಟ್ಟಿದವರ ಕೈ ಯಾವುದನ್ನು ಮುಟ್ಟುವುದೆಂದು ನೋಡುವ ಪದ್ಧತಿಯೊಂದಿತ್ತು. ಉಂಗುರಕ್ಕೆ ವಿವಾಹ, ನೀರಿಗೆ ಸಮುದ್ರಪ್ರಯಾಣ, ಮಣ್ಣಿಗೆ ಮರಣ. ಜೇಮ್ಸ್ ಜಾಯ್ಸ್ 1914ರ 'ಡಬ್ಲಿನರ್ಸ್' ಸಂಕಲನದ 'ಕ್ಲೇ' ಎಂಬ ಕಥೆಯಲ್ಲಿ ಈ ಆಟವನ್ನೇ ತಂದಿದ್ದಾನೆ. ವಯಸ್ಸಾದ ಅವಿವಾಹಿತೆ ಮರಿಯಾಳ ಕೈ ಮೃದುವಾದ ತೇವದ ವಸ್ತುವೊಂದನ್ನು ಮುಟ್ಟಿದಾಗ, ಸುತ್ತಲಿದ್ದವರು ಗಡಿಬಿಡಿಗೊಂಡು ಅದನ್ನು ಹೊರಗೆಸೆಯಿಸಿ ಆಟವನ್ನು ಮತ್ತೆ ಆಡಿಸುತ್ತಾರೆ. ಅವಳಿಗೆ ಮುಟ್ಟಿದುದೇನೆಂದು ಯಾರೂ ಹೇಳುವುದಿಲ್ಲ. ಶತಮಾನಗಳ ಆಚಾರವೊಂದರ ಕ್ರೌರ್ಯವನ್ನು ಇಷ್ಟು ಮಿತವಾಗಿ ಹೇಳಿದ ಬರಹ ವಿರಳ.

ಈ ಆಚಾರಗಳ ವಿವರಗಳು ಇಂದು ಇಷ್ಟು ಸಮೃದ್ಧವಾಗಿ ದೊರೆಯುತ್ತಿದ್ದರೆ, ಅದರ ಬಹುಪಾಲು ಶ್ರೇಯಸ್ಸು 1935ರಲ್ಲಿ ಸ್ಥಾಪಿತವಾದ ಐರಿಷ್ ಜಾನಪದ ಆಯೋಗದ್ದು. 1937ರಿಂದ 1939ರವರೆಗೆ ಪ್ರಾಥಮಿಕ ಶಾಲೆಗಳ ಮೇಲ್ತರಗತಿಯ ಮಕ್ಕಳು, ಪ್ರಬಂಧರಚನೆಯ ಬದಲಿಗೆ, ತಮ್ಮ ಅಜ್ಜ-ಅಜ್ಜಿಯರಿಂದಲೂ ನೆರೆಯವರಿಂದಲೂ ಕೇಳಿದುದನ್ನು ಬರೆದು ತಂದರು. ವಿದ್ವಾಂಸರು ಹತ್ತು ಸಲ ಕೇಳಿದರೂ ಹೇಳದ ಸಂಗತಿಗಳನ್ನು ಮೊಮ್ಮಕ್ಕಳಿಗೆ ಹೇಳುವುದು ಹಿರಿಯರ ಸ್ವಭಾವವಷ್ಟೆ.

ಟರ್ನಿಪ್ ಗೆಡ್ಡೆಯನ್ನು ಟೊಳ್ಳುಮಾಡಿ ವಿಕಾರಮುಖ ಕೊರೆದು ದೀಪವಿಡುವ ರೂಢಿ, ವಲಸೆಹೋದವರೊಡನೆ ಅಮೆರಿಕವನ್ನು ಸೇರಿ, ಅಲ್ಲಿ ಸುಲಭವಾಗಿ ಕೊರೆಯಬಹುದಾದ ದೊಡ್ಡ ಕುಂಬಳಕಾಯಿಯನ್ನು ಆಶ್ರಯಿಸಿ, ಆ ರೂಪದಲ್ಲೇ ಲೋಕಪ್ರಸಿದ್ಧವಾಯಿತು. ಬಾರ್ಮ್‌ಬ್ರ್ಯಾಕ್ ಮಾತ್ರ ತವರಿನಲ್ಲೇ ಉಳಿಯಿತು. ಅಕ್ಟೋಬರ್ ಬಂದರೆ ಐರ್ಲೆಂಡಿನ ಅಂಗಡಿಗಳಲ್ಲಿ ಅದು ಇಂದಿಗೂ ದೊರೆಯುತ್ತದೆ. ಚಿಂದಿಯನ್ನೂ ಕಡ್ಡಿಯನ್ನೂ ಈಗಿನ ಬೇಕರಿಯವರು ಸಾಮಾನ್ಯವಾಗಿ ಕೈಬಿಟ್ಟಿದ್ದಾರೆ, ಉಂಗುರವನ್ನು ಮಾತ್ರ ಬಿಟ್ಟಿಲ್ಲ.