ಕಾಗದದ ಮೇಲೆ ಮಾವಿನಹಣ್ಣು, ಪೆಪ್ಪರಮೆಂಟಿನೊಳಗೆ ಸಕ್ಕರೆ: ಪಾಲಕರು, ಅಂಗಡಿಯವರು ನೋಡಬೇಕಾದ್ದೇನು?

ಸಾವಳಗಿ: ಶಾಲೆ ಬಿಟ್ಟ ಕೂಡಲೇ ಮಕ್ಕಳು ಕಿರಾಣಿ ಅಂಗಡಿಗೆ ಓಡಿ ಬಂದು ಕೇಳೋದು ಮಾವು, ಕಿತ್ತಳೆ, ಪೇರಲ ಪೆಪ್ಪರಮೆಂಟು. ಕಾಗದದ ಮೇಲೆ ಹಣ್ಣಿನ ಚಿತ್ರ ನೋಡಿ ‘ಹಣ್ಣಿಂದ ಐತಲ್ಲ, ತಿನ್ಲಿ ಬಿಡ್ರಿ’ ಅನ್ನೋ ಪಾಲಕರೂ ಇದ್ದಾರೆ. ಹಂಗಾದರೆ ಅದರಾಗ ಹಣ್ಣು ಎಷ್ಟು ಇರತೈತಿ?

ಗಟ್ಟಿ ಪೆಪ್ಪರಮೆಂಟು ಮಾಡುವುದು ಸಕ್ಕರೆ ಮತ್ತು ಗ್ಲುಕೋಸ್ ಪಾಕದಿಂದ. ಇದನ್ನು ಸುಮಾರು 150 ಡಿಗ್ರಿವರೆಗೆ ಕಾಯಿಸಿ, ಆಮೇಲೆ ಹುಳಿಗೆ ಸಿಟ್ರಿಕ್ ಆಮ್ಲ, ವಾಸನೆಗೆ ಫ್ಲೇವರ್, ನೋಟಕ್ಕೆ ಬಣ್ಣ ಸೇರಿಸುತ್ತಾರೆ. ಕೆಲವದರಲ್ಲಿ ಸ್ವಲ್ಪ ಹಣ್ಣಿನ ತಿರುಳು ಇರುತ್ತದೆ. ಹೆಚ್ಚಿನವುಗಳಲ್ಲಿ ಅದೂ ಇಲ್ಲ.

4 ಗ್ರಾಂನ ಒಂದು ಪೆಪ್ಪರಮೆಂಟು ಅಂದರೆ ಹತ್ತಿರ ಹತ್ತಿರ 4 ಗ್ರಾಂ ಸಕ್ಕರೆ, ಸುಮಾರು 16 ಕ್ಯಾಲರಿ. ನಾರು, ವಿಟಮಿನ್ ಇಲ್ಲವೇ ಇಲ್ಲ ಅನ್ನಬಹುದು. ದೊಡ್ಡವರಿಗೂ ದಿನಕ್ಕೆ ಸುಮಾರು 25 ಗ್ರಾಂ ಒಳಗೆ ಸಕ್ಕರೆ ಇದ್ದರೆ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರು ಪೆಪ್ಪರಮೆಂಟು ತಿಂದರೆ ಆ ಲೆಕ್ಕ ಮುಗೀತು. ಚಹಾ, ಬಿಸ್ಕೀಟು ಬ್ಯಾರೆ. ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡು ಚೀಪುವುದರಿಂದ ಹಲ್ಲಿಗೆ ಹುಳುಕು ಬೇಗ ಹತ್ತುತ್ತದೆ. ಅದೇ 100 ಗ್ರಾಂ ಪೇರಲ ಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇದೆ, ನಾರೂ ಇದೆ.

ಇನ್ನು ಬಣ್ಣದ ಮಾತು. 102 (ಹಳದಿ), 110 (ಕಿತ್ತಳೆ), 122 (ಕೆಂಪು) ಎಂಬ ನಂಬರ್ ಇದ್ದರೆ ಅವು ಅನುಮತಿ ಇರುವ ಕೃತಕ ಬಣ್ಣಗಳು. ಆದರೆ ಕೆಜಿಗೆ 100 ಮಿಲಿಗ್ರಾಂ ದಾಟುವಂತಿಲ್ಲ. ಬಟ್ಟೆಗೆ ಹಾಕುವ ರೋಡಮೈನ್-ಬಿ ತಿನ್ನುವ ಯಾವ ಪದಾರ್ಥಕ್ಕೂ ಹಾಕುವಂತಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿಯ 25 ಮಾದರಿ ಪರೀಕ್ಷಿಸಿದಾಗ 15ರಲ್ಲಿ ಕೃತಕ ಬಣ್ಣ ಸಿಕ್ಕಿತ್ತು. ಆಗಲೇ ಬಣ್ಣದ ಬಾಂಬೆ ಮಿಠಾಯಿ ನಿಷೇಧವಾಯಿತು.

ಸಣ್ಣ ಕಾಗದದ ಮೇಲೆ ಎಲ್ಲ ವಿವರ ಬರೆಯಲು ಜಾಗ ಸಾಲದು. ಅದಕ್ಕೆ ನಿಯಮದಲ್ಲೇ ವಿನಾಯಿತಿ ಇದೆ. ಪೂರ್ತಿ ವಿವರ ಇರೋದು ಅಂಗಡಿಯ ಡಬ್ಬಿ ಅಥವಾ ದೊಡ್ಡ ಪಾಕೀಟಿನ ಮೇಲೆ. ಹಾಗಾಗಿ ಅಂಗಡಿಯವರು ಡಬ್ಬಿಯ ಲೇಬಲ್ ಹರಿದು ಒಗೆಯಬಾರದು. ಗಿರಾಕಿ ಕೇಳಿದರೆ ತೋರಿಸಬೇಕು. ಸಂತೆಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುವ, ಎಫ್‌ಎಸ್‌ಎಸ್‌ಎಐ ನಂಬರ್, ತಯಾರಕರ ವಿಳಾಸ ಇಲ್ಲದ ಮಾಲು ಅಗ್ಗವಾದರೂ ತರದಿರುವುದೇ ಚಲೋ. ತಕರಾರು ಬಂದರೆ ಮೊದಲು ಉತ್ತರ ಕೊಡಬೇಕಾದವರು ಮಾರಿದವರೇ.

ಪಾಲಕರು ಪೆಪ್ಪರಮೆಂಟನ್ನು ಪೂರಾ ಬಂದ್ ಮಾಡಬೇಕಂತಿಲ್ಲ. ದಿನಕ್ಕೆ ಒಂದು ಸಾಕು, ತಿಂದ ಮೇಲೆ ಬಾಯಿ ಮುಕ್ಕಳಿಸಲಿ. ಹಣ್ಣಿನ ಲೆಕ್ಕಕ್ಕೆ ಮಾತ್ರ ಅದನ್ನು ಹಿಡಿಯಬೇಡಿ.