ತರಗತಿಯಲ್ಲಿ ಗಿಣಿ ಬೇಡ, ರೇಷ್ಮೆ ಹುಳು ಸಾಕಿ

ಪ್ರಶ್ನೆ: ನಾನು ಐದನೇ ತರಗತಿಯ ಶಿಕ್ಷಕಿ. ತರಗತಿಯಲ್ಲಿ ಗಿಣಿಯನ್ನೋ ನಕ್ಷತ್ರ ಆಮೆಯನ್ನೋ ಸಾಕೋಣ ಎಂದು ಮಕ್ಕಳು ಹಟ ಹಿಡಿದಿದ್ದಾರೆ. ಸಾಕಬಹುದೇ?

ಉತ್ತರ: ಎರಡೂ ಬೇಡ. ನಮ್ಮ ನಾಡಿನ ಗಿಣಿ, ನಕ್ಷತ್ರ ಆಮೆಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅವುಗಳ ಬದಲು ಮೊಲ ತಂದರೆ ಬೇಸಿಗೆ ರಜೆಯಲ್ಲಿ ಅದಕ್ಕೆ ಯಾರು ಗತಿ? ನನ್ನ ಆಯ್ಕೆ ರೇಷ್ಮೆ ಹುಳು.

ಹತ್ತಿರದ ಚಾಕಿ ಕೇಂದ್ರದಲ್ಲೋ (ಮರಿಹುಳು ಸಾಕಿ ಕೊಡುವ ಜಾಗ) ರೇಷ್ಮೆ ಬೆಳೆಗಾರರಲ್ಲೋ ಕೇಳಿ ಹತ್ತಿಪ್ಪತ್ತು ಮರಿಹುಳು ತನ್ನಿ. ಗಾಳಿಯಾಡುವ ರಟ್ಟಿನ ಡಬ್ಬಿ ಸಾಕು. ಆಹಾರ ಹಿಪ್ಪುನೇರಳೆ ಸೊಪ್ಪು ಮಾತ್ರ. ಔಷಧಿ ಹೊಡೆದದ್ದು, ಒದ್ದೆಯಾದದ್ದು ಖಂಡಿತ ಬೇಡ. ಹಿಕ್ಕೆಯನ್ನು ದಿನವೂ ತೆಗೆಯಿರಿ, ಇರುವೆ ಹತ್ತದಂತೆ ನೋಡಿಕೊಳ್ಳಿ. ಹುಳು ತಲೆಯೆತ್ತಿ ಅಲುಗದೆ ಕೂತರೆ ಸತ್ತಿತೆಂದು ಮಕ್ಕಳು ಗಾಬರಿಯಾಗುತ್ತಾರೆ. ಅದು ಜ್ವರಕ್ಕೆ ಕೂತಿದೆ, ಪೊರೆ ಬಿಡಲಿದೆ. ಆಗ ಮುಟ್ಟಬಾರದು, ಸೊಪ್ಪೂ ಹಾಕಬಾರದು. ಹುಟ್ಟಿನಿಂದ ಹೀಗೆ ಒಟ್ಟು ನಾಲ್ಕು ಸಲ. ಮೊಟ್ಟೆಯೊಡೆದ ಸುಮಾರು 25 ದಿನಕ್ಕೆ ಹುಳು ಹಣ್ಣಾಗಿ ಮೈ ಹೊಳೆಯುತ್ತದೆ. ಒಣ ಕಡ್ಡಿಗಳನ್ನಿಟ್ಟರೆ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿಬಿಡುತ್ತದೆ.

ನೂಲು ತೆಗೆಯಲೆಂದು ದಯವಿಟ್ಟು ಆ ಗೂಡುಗಳನ್ನು ಕುದಿಸಬೇಡಿ. ಹತ್ತು ಹನ್ನೆರಡು ದಿನಗಳಲ್ಲಿ ಹೊರಬರುವ ಚಿಟ್ಟೆ ಹಾರಲಾರದು, ಏನನ್ನೂ ತಿನ್ನದು. ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಡಿ.